ಮೊಬೈಲಿಗೆ ಸಿಕ್ಕಿಸುವ ಮಸೂರ: ಕೊಳ್ಳಬೇಕೇ, ಬೇಡವೇ?

(ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ರೈತರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಕುಳೆ ಕಬ್ಬಿನ ನಿರ್ವಹಣೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಇಲ್ಲಿಗೆ ಕರೆಸಿದ್ದೀರಿ. ಆದರೆ ಸಭೆ ಆರಂಭವಾಗುವ ಮೊದಲು ಬನಹಟ್ಟಿ ಕಡೆಯ ಹಿರಿಯ ರೈತರೊಬ್ಬರು ನನ್ನ ಬಳಿ ಬಂದು, ಅಂಗಿಯ ಕಿಸೆಯಿಂದ ಒಂದು ಸಣ್ಣ ಡಬ್ಬಿ ತೆಗೆದು ತೋರಿಸಿದರು. "ಸಾಹೇಬ್ರ, ಮಗಾ ಇದಕ್ಕ ಆರನೂರು ರೂಪಾಯಿ ಕೊಟ್ಟು ತರಿಸ್ಯಾನ್ರಿ. ಮೊಬೈಲಿಗೆ ಸಿಗಸಿದ್ರ ಹುಳಾ ದೊಡ್ಡದಾಗಿ ಕಾಣತೈತಿ ಅಂತಾನ. ಇದರಿಂದ ಕಬ್ಬಿಗೆ ಏನರ ಉಪಯೋಗ ಐತೇನ್ರಿ, ಇಲ್ಲಾ ರೊಕ್ಕ ಹಾಳೇನ್ರಿ?" ಎಂದು ಕೇಳಿದರು. "ಕಾಕಾ, ನಿಂತ ಕಾಲ ಮೇಲೆ ಉತ್ತರ ಹೇಳುವ ಪ್ರಶ್ನೆ ಅಲ್ರಿ ಇದು, ಎಲ್ಲರ ಮುಂದ ಹೇಳ್ತೀನಿ" ಎಂದೆ. ಆದ್ದರಿಂದ ಈ ದಿನ ಆ ಡಬ್ಬಿಯನ್ನೇ ಮುಂದಿಟ್ಟುಕೊಂಡು ಮಾತನಾಡುತ್ತೇನೆ. ಕುಳೆ ಕಬ್ಬಿನ ಮಾತು ತಾನಾಗಿಯೇ ನಡುವೆ ಬರುತ್ತದೆ.

ಏನಿದು ವಸ್ತು?

ಇದು ಬಟ್ಟೆ ಒಣಗಹಾಕುವ ಕ್ಲಿಪ್ಪಿನಂಥದೇ ಒಂದು ಕ್ಲಿಪ್ಪು. ಅದರ ಬಾಯಿಗೆ ಒಂದು ಸಣ್ಣ ಮಸೂರವನ್ನು, ಅಂದರೆ ಭೂತಗನ್ನಡಿಯನ್ನು, ಕೂಡಿಸಿರುತ್ತಾರೆ. ಮೊಬೈಲಿನ ಕ್ಯಾಮರಾದ ಮೇಲೆ ಇದನ್ನು ಸಿಕ್ಕಿಸಿದರೆ ಹತ್ತಿರದ ಸಣ್ಣ ವಸ್ತು ದೊಡ್ಡದಾಗಿ ಕಾಣುತ್ತದೆ. ಸಾಧಾರಣ ಮೊಬೈಲಿನ ಕ್ಯಾಮರಾ ಎಂಟು ಹತ್ತು ಸೆಂಟಿಮೀಟರಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರದು. ಇನ್ನೂ ಹತ್ತಿರ ಹೋದರೆ ಚಿತ್ರ ಮಸುಕಾಗುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಸಿಕ್ಕಿಸಿದರೆ ಸುಮಾರು ಎರಡೂವರೆ ಸೆಂಟಿಮೀಟರ್ ದೂರಕ್ಕೆ ಹೋಗಬಹುದು. ಒಂದು ಮಿಲಿಮೀಟರ್ ಉದ್ದದ ನುಸಿಯೂ ಆಗ ಕಾಲು, ಮೀಸೆ ಸಮೇತ ಕಾಣಿಸುತ್ತದೆ.

ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. ಕೀಟಶಾಸ್ತ್ರದ ವಿದ್ಯಾರ್ಥಿ ಕೊರಳಿಗೆ ಕಟ್ಟಿಕೊಂಡು ತಿರುಗುವ ಭೂತಗನ್ನಡಿಯೂ ಇದೇ ತತ್ವದ್ದು. ಜವಳಿ ವ್ಯಾಪಾರದಲ್ಲಿ ಬಟ್ಟೆಯ ಎಳೆ ಎಣಿಸಲು ಇಡುವ ಮಡಚು ಮಸೂರವೂ ಇಂಥದೇ. ನೇಕಾರಿಕೆಯ ಊರಾದ ರಬಕವಿ-ಬನಹಟ್ಟಿಯವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೊಸದೆಂದರೆ ಇಷ್ಟೇ: ಭೂತಗನ್ನಡಿಯಲ್ಲಿ ಕಂಡದ್ದನ್ನು ಕಂಡವನೊಬ್ಬನೇ ಬಲ್ಲ. ಮೊಬೈಲಿನಲ್ಲಿ ಕಂಡದ್ದನ್ನು ಧಾರವಾಡದಲ್ಲಿ ಕುಳಿತವನಿಗೂ ತೋರಿಸಬಹುದು. ಇದರ ಲಾಭವೂ ಅಪಾಯವೂ ಈ ಒಂದು ಮಾತಿನಲ್ಲಿಯೇ ಇವೆ.

ಹಿಂದಿನ ಒಂದು ಪಾಠ

ಇಂಥ ಸಿಕ್ಕಿಸುವ ಸಾಧನಗಳಿಗೆ ಒಂದು ಹಿಂದಿನ ಕಥೆಯಿದೆ. 2000ನೇ ಇಸವಿಯ ಸುಮಾರಿಗೆ ಅಂಗೈಯಲ್ಲಿ ಹಿಡಿಯುವ ಸಣ್ಣ ಗಣಕಗಳು ಅಮೆರಿಕದಲ್ಲಿ ಬಹಳ ಬಳಕೆಗೆ ಬಂದಿದ್ದವು. ವಿಳಾಸ, ದಿನಚರಿ, ಲೆಕ್ಕ ಬರೆದಿಡುವುದು ಅವುಗಳ ಕೆಲಸ. ಅವುಗಳಲ್ಲಿ ಕ್ಯಾಮರಾ ಇರಲಿಲ್ಲ. ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ ವೈಸರ್ ಎಂಬ ಗಣಕಕ್ಕೆ ಐಮಾಡ್ಯೂಲ್ ಎಂಬ ಸಣ್ಣ ಕ್ಯಾಮರಾವನ್ನೂ, ಪಾಮ್ ಎಂಬ ಗಣಕಕ್ಕೆ ಕೊಡಾಕ್ ಕಂಪನಿಯ ಪಾಮ್‌ಪಿಕ್ಸ್ ಎಂಬ ಕ್ಯಾಮರಾವನ್ನೂ ಬೇರೆಯಾಗಿ ಕೊಂಡು ಸಿಕ್ಕಿಸಬೇಕಾಗಿತ್ತು. ಮೊದಲನೆಯದು ತೆಗೆಯುತ್ತಿದ್ದ ಚಿತ್ರದಲ್ಲಿ ಅಡ್ಡಕ್ಕೆ 320, ಉದ್ದಕ್ಕೆ 240 ಚುಕ್ಕೆ. ಎರಡನೆಯದರಲ್ಲಿ 640 ಮತ್ತು 480. ಗುಣಿಸಿದರೆ ಎರಡನೆಯದಕ್ಕೂ ಮೂರು ಲಕ್ಷ ಚುಕ್ಕೆಗಳಷ್ಟೇ. ಇಂದು ನಿಮ್ಮ ಕಿಸೆಯಲ್ಲಿರುವ ಸಾಧಾರಣ ಮೊಬೈಲು ಒಂದು ಕೋಟಿಗಿಂತ ಹೆಚ್ಚು ಚುಕ್ಕೆಗಳ ಚಿತ್ರ ತೆಗೆಯುತ್ತದೆ.

ಕೆಲವೇ ವರ್ಷಗಳಲ್ಲಿ ಕ್ಯಾಮರಾ ಮೊಬೈಲಿನ ಹೊಟ್ಟೆಯೊಳಗೇ ಬಂದಿತು. ಹಣ ಕೊಟ್ಟು ಕೊಂಡ ಆ ಸಿಕ್ಕಿಸುವ ಕ್ಯಾಮರಾಗಳು ಪೆಟ್ಟಿಗೆಯ ಮೂಲೆ ಸೇರಿದವು. ಹ್ಯಾಂಡ್‌ಸ್ಪ್ರಿಂಗ್ ಕಂಪನಿಯೇ 2003ರಲ್ಲಿ ಪಾಮ್ ಕಂಪನಿಯೊಂದಿಗೆ ಸೇರಿಹೋಯಿತು. ನಮ್ಮ ಬೆಂಗಳೂರಿನಲ್ಲಿಯೂ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಇತರರೊಂದಿಗೆ ಕೂಡಿ ಜನಸಾಮಾನ್ಯರಿಗೆಂದು ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದ್ದರು. ಅದರ ಒಂದು ಮಾದರಿ 2004ರಲ್ಲಿ ಮಾರುಕಟ್ಟೆಗೂ ಬಂದಿತ್ತು. ಒಳ್ಳೆಯ ಉದ್ದೇಶದ ಆ ಯಂತ್ರವೂ ಮೊಬೈಲಿನ ಮುಂದೆ ನಿಲ್ಲಲಿಲ್ಲ.

ಇದರಿಂದ ನಾವು ಕಲಿಯಬೇಕಾದ ಪಾಠವೇನು? ನಾಳೆ ಮೊಬೈಲೇ ಮಾಡಬಲ್ಲ ಕೆಲಸಕ್ಕಾಗಿ ಇಂದು ಬೇರೆ ಸಾಧನ ಕೊಳ್ಳಬಾರದು. ಮೊಬೈಲಿನಿಂದ ಆಗದ ಕೆಲಸವಿದ್ದು, ಆ ಕೆಲಸ ನಮ್ಮ ಹೊಲದಲ್ಲಿ ನಿಜವಾಗಿ ಇದ್ದರೆ ಮಾತ್ರ ಕೊಳ್ಳಬೇಕು. ಈ ಅಳತೆಗೋಲನ್ನೇ ಹಿಡಿದು ನೋಡೋಣ.

ಯಾವ ಕೆಲಸಕ್ಕೆ ಮಸೂರ ಬೇಡ?

ಮೊದಲನೆಯದು, ಬೆಳೆ ಸಮೀಕ್ಷೆ. ನಮ್ಮ ರಾಜ್ಯದಲ್ಲಿ 2020ರ ಮುಂಗಾರಿನಿಂದ ರೈತನೇ ತನ್ನ ಹೊಲದಲ್ಲಿ ನಿಂತು, ಸರ್ವೆ ನಂಬರಿನ ಪ್ರಕಾರ ಬೆಳೆಯ ಫೋಟೋ ತೆಗೆದು ಆ್ಯಪ್ ಮೂಲಕ ಸೇರಿಸುವ ವ್ಯವಸ್ಥೆ ಬಂದಿದೆ. ಇಲ್ಲಿ ಬೇಕಾದದ್ದು ಹೊಲ ಕಾಣುವ ಚಿತ್ರ ಮತ್ತು ನಿಂತ ಸ್ಥಳದ ಗುರುತು. ಮಸೂರ ಸಿಕ್ಕಿಸಿದರೆ ಹೊಲವೇ ಕಾಣುವುದಿಲ್ಲ.

ಎರಡನೆಯದು, ಬೆಳೆ ಹಾನಿಯ ದಾಖಲೆ. ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಯೊಳಗೆ ತಿಳಿಸತಕ್ಕದ್ದು. ಇಲ್ಲಿ ಮುಖ್ಯವಾದದ್ದು ಅವಸರ. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಹರಿದುದನ್ನು ಜಮಖಂಡಿ, ಮುಧೋಳದವರು ಮರೆತಿಲ್ಲ. ಅಂಥ ದಿನ ನೀರು ನಿಂತ ಬೆಳೆಯ ಚಿತ್ರವನ್ನು ಇರುವ ಮೊಬೈಲಿನಲ್ಲಿಯೇ ತೆಗೆಯಬೇಕು. ಬದುವೋ ಗುಡಿಯೋ ವಿದ್ಯುತ್ ಕಂಬವೋ, ಗುರುತು ಹಿಡಿಯಲು ಬರುವ ಏನಾದರೊಂದು ಚಿತ್ರದಲ್ಲಿರಲಿ.

ಮೂರನೆಯದು, ಬರಿಗಣ್ಣಿಗೇ ಕಾಣುವ ರೋಗ, ಕೀಟಗಳು. ಕಬ್ಬಿನ ಕಾಡಿಗೆ ರೋಗದಲ್ಲಿ ಸುಳಿಯಿಂದ ಕಪ್ಪು ಚಾಟಿ ಹೊರಡುತ್ತದೆ. ಅದನ್ನು ದಾರಿಯಲ್ಲಿ ಹೋಗುವವನೂ ಕಾಣಬಲ್ಲ. ಗೋವಿನಜೋಳದ ಫಾಲ್ ಸೈನಿಕ ಹುಳುವನ್ನೂ ನೋಡಿ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಬೆಳೆದ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದ ಗುರುತು, ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಚುಕ್ಕೆ ಇರುತ್ತವೆ. ಮೂರು ನಾಲ್ಕು ಸೆಂಟಿಮೀಟರ್ ಉದ್ದದ ಆ ಹುಳುವಿನ ಗುರುತಿಗೆ ಮಸೂರ ಬೇಕಿಲ್ಲ, ಸಾಧಾರಣ ಮೊಬೈಲ್ ಸಾಕು.

ಯಾವ ಕೆಲಸಕ್ಕೆ ಉಪಯೋಗ?

ಇನ್ನು ಮಸೂರದ ಪರವಾದ ಮಾತು. ಒಂದೆರಡು ಮಿಲಿಮೀಟರಿಗಿಂತ ಸಣ್ಣ ಜೀವಿಗಳು ಕಾಣಿಸಿದಾಗ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ದಾಳಿಂಬೆ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವವರಿಗೆ ಎಲೆ ಮುದುಡುವುದು ಗೊತ್ತಿದೆ. ಮುದುಡಲು ಥ್ರಿಪ್ಸ್ ನುಸಿ ಕಾರಣವೋ, ಮೈಟ್ ನುಸಿ ಕಾರಣವೋ ಎಂಬುದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಥ್ರಿಪ್ಸ್ ಉದ್ದವಾದ ಕೀಟ, ಆರು ಕಾಲು. ಮೈಟ್ ಅದಕ್ಕಿಂತ ಸಣ್ಣದು, ಬೆಳೆದದ್ದಕ್ಕೆ ಸಾಮಾನ್ಯವಾಗಿ ಎಂಟು ಕಾಲು. ಅದು ಕೀಟವರ್ಗಕ್ಕೇ ಸೇರಿದ್ದಲ್ಲ, ಜೇಡದ ಬಳಗದ್ದು. ಒಂದಕ್ಕೆ ಹೊಡೆಯುವ ಔಷಧ ಇನ್ನೊಂದಕ್ಕೆ ತಾಗದೇ ಹೋಗಬಹುದು. ಗೊತ್ತಿಲ್ಲದೆ ಎರಡನ್ನೂ ಕೂಡಿಸಿ ಹೊಡೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಇಲ್ಲಿ ಮಸೂರ ಒಂದು ನಿಮಿಷದಲ್ಲಿ ಉತ್ತರ ಕೊಡುತ್ತದೆ.

ಕಬ್ಬಿನ ಬಿಳಿ ಉಣ್ಣೆ ಹೇನು ಇದಕ್ಕಿಂತ ದೊಡ್ಡ ಉದಾಹರಣೆ. 2002ರಲ್ಲಿ ಸಾಂಗ್ಲಿ ಭಾಗದಲ್ಲಿ ಕಾಣಿಸಿಕೊಂಡು, ಅದೇ ವರ್ಷ ನಮ್ಮ ಉತ್ತರ ಕರ್ನಾಟಕದ ಕಬ್ಬಿಗೂ ಬಂದ ಈ ಹೇನಿನ ನೆನಪು ಹಿರಿಯರಿಗೆ ಇದ್ದೇ ಇದೆ. ಎಲೆಯ ಕೆಳಭಾಗದಲ್ಲಿ ಹತ್ತಿ ಅಂಟಿಸಿದಂತೆ ಬಿಳಿಯ ಪದರ, ಕೆಳಗಿನ ಎಲೆಗಳ ಮೇಲೆ ಅಂಟು, ಅಂಟಿನ ಮೇಲೆ ಕಪ್ಪು ಬೂಷ್ಟು. ಕಬ್ಬು ಎತ್ತರ ಬೆಳೆದ ಮೇಲೆ ಒಳಗೆ ಹೊಕ್ಕು ಔಷಧ ಹೊಡೆಯುವುದೇ ಕಷ್ಟ. ಆ ಹೇನನ್ನು ಹತೋಟಿಗೆ ತರಲು ಬಹುವಾಗಿ ನೆರವಾದವು ಅದನ್ನು ತಿನ್ನುವ ಮಿತ್ರಕೀಟಗಳು. ಡೈಫಾ ಎಂಬ ಪತಂಗದ ಮರಿಹುಳು ಹೇನಿನ ಗುಂಪಿನ ನಡುವೆಯೇ ತೆಳುವಾದ ಬಲೆ ನೇಯ್ದುಕೊಂಡು ಅವುಗಳನ್ನು ತಿನ್ನುತ್ತದೆ. ಮೈಕ್ರೋಮಸ್ ಎಂಬ ಇನ್ನೊಂದು ಕೀಟದ ಮರಿ ಎರಡೂ ತುದಿ ಚೂಪಾದ ಕದಿರಿನಂತಿದ್ದು, ಕುಡುಗೋಲಿನಂಥ ದವಡೆಯಿಂದ ಹೇನನ್ನು ಹಿಡಿದು ಹೀರುತ್ತದೆ. ಇವುಗಳಿದ್ದ ಎಲೆಗಳನ್ನು ಒಂದು ಹೊಲದಿಂದ ಕೊಯ್ದು ಇನ್ನೊಂದು ಹೊಲಕ್ಕೆ ಒಯ್ದು ಬಿಟ್ಟ ರೈತರಿದ್ದಾರೆ.

ಆದರೆ ಆ ಬಿಳಿಯ ಪದರದ ನಡುವೆ ಹುಳು ಹರಿದಾಡುವುದನ್ನು ಕಂಡು, ಇದೂ ಒಂದು ಪೀಡೆಯೆಂದೇ ತಿಳಿದರೆ ಏನಾಗುತ್ತದೆ? ಹೇನಿನೊಂದಿಗೆ ಹೇನಿನ ವೈರಿಗೂ ಔಷಧ ಬೀಳುತ್ತದೆ. ವೈರಿ ಸತ್ತ ಹೊಲದಲ್ಲಿ ಉಳಿದ ಹೇನು ಮತ್ತೆ ಬೇಗ ಹೆಚ್ಚುತ್ತದೆ. ಎಲೆಯನ್ನು ಮುರಿದು ತಂದು, ಬದುವಿನ ನೆರಳಿನಲ್ಲಿ ಕುಳಿತು ಮಸೂರದಲ್ಲಿ ಐದು ನಿಮಿಷ ನೋಡಿರಿ. ಯಾವುದು ಯಾವುದನ್ನು ತಿನ್ನುತ್ತಿದೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಒಮ್ಮೆ ಕಂಡವನು ಸಿಂಪರಣೆಯ ಯಂತ್ರವನ್ನು ಅವಸರದಿಂದ ಹೆಗಲಿಗೇರಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಈ ಮಸೂರದ ನಿಜವಾದ ಬೆಲೆ ಇದೇ. ಒಂದು ಸಲದ ಅನಾವಶ್ಯಕ ಸಿಂಪರಣೆ ತಪ್ಪಿದರೆ ಕೊಟ್ಟ ಹಣ ಮರಳಿ ಬಂದಂತೆ.

ಸ್ಪಷ್ಟ ಚಿತ್ರ, ತಪ್ಪು ಉತ್ತರ

ಇಷ್ಟು ಕೇಳಿ, "ಹಾಗಾದರೆ ಕೊಳ್ಳೋಣ" ಎಂದು ನೀವು ಏಳುವ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ, ಆಗಸ್ಟ್ ತಿಂಗಳಲ್ಲಿ, ಮುಧೋಳ ತಾಲ್ಲೂಕಿನ ಒಬ್ಬ ರೈತರು ನನ್ನ ಮೊಬೈಲಿಗೆ ಮೂರು ಚಿತ್ರ ಕಳಿಸಿದರು. ಕುಳೆ ಕಬ್ಬಿನ ಎಲೆಯ ಚಿತ್ರಗಳು. ಇಂಥದೇ ಮಸೂರ ಸಿಕ್ಕಿಸಿ ತೆಗೆದವು. ಬಹಳ ಸೊಗಸಾದ ಚಿತ್ರಗಳು. ಎಳೆ ಎಲೆಯಲ್ಲಿ ನರಗಳು ಹಸಿರು, ನರಗಳ ನಡುವಿನ ಭಾಗ ಬಿಳಿಚಿದ ಹಳದಿ. ಪುಸ್ತಕದಲ್ಲಿ ಅಚ್ಚು ಹಾಕಿದಂತಿತ್ತು. ನಮ್ಮ ಸುಣ್ಣಾಂಶವಿರುವ ಕರಿ ನೆಲದಲ್ಲಿ ಕುಳೆ ಕಬ್ಬಿಗೆ ಕಬ್ಬಿಣದ ಕೊರತೆ ಬರುವುದು ಸಾಮಾನ್ಯ. ನಾನು ಹೆಚ್ಚು ಯೋಚಿಸಲಿಲ್ಲ. ಅನ್ನಭೇದಿಯ ದ್ರಾವಣವನ್ನು ಎಲೆಗೆ ಸಿಂಪಡಿಸಿರಿ, ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಿರಿ ಎಂದು ಬರೆದು ಕಳಿಸಿದೆ. ಅವರು ಹಾಗೆಯೇ ಮಾಡಿದರು.

ಸುಮಾರು ಮೂರು ವಾರದ ಮೇಲೆ ಅವರಿಂದ ಕರೆ ಬಂದಿತು. "ಸರ್, ಎಲಿ ಹಸರ ಆಗಲಿಲ್ರಿ. ಗಡ್ಡಿ ಕೈಯಾಗ ಹಿಡದ್ರ ಕಿತ್ತ ಬರಾಕತ್ತಾವ್ರಿ" ಎಂದರು. ಅದನ್ನು ಕೇಳಿದೊಡನೆಯೇ ನನಗೆ ನನ್ನ ತಪ್ಪು ತಿಳಿಯಿತು. ಮರುದಿನ ಹೊಲಕ್ಕೆ ಹೋದೆ. ಗಡ್ಡೆ ಕಿತ್ತು ನೋಡಿದರೆ ಬೇರೇ ಇರಲಿಲ್ಲ. ಮಣ್ಣಿನಲ್ಲಿ ಬೆರಳ ಗಾತ್ರದ ಬಿಳಿ ಗೊಣ್ಣೆ ಹುಳುಗಳು ಸುರುಟಿಕೊಂಡು ಬಿದ್ದಿದ್ದವು. ಬೇರನ್ನೇ ಹುಳು ತಿಂದ ಮೇಲೆ ಗಿಡ ಕಬ್ಬಿಣವನ್ನಾಗಲಿ ನೀರನ್ನಾಗಲಿ ಹೇಗೆ ಹೀರಬೇಕು? ಎಲೆಯಲ್ಲಿ ಕಂಡ ಕೊರತೆ ಸುಳ್ಳಲ್ಲ. ಆದರೆ ಅದು ರೋಗವಲ್ಲ, ರೋಗದ ನೆರಳು. ನಾನು ನೆರಳಿಗೆ ಮದ್ದು ಹೇಳಿದ್ದೆ. ಆ ಮೂರು ವಾರದಲ್ಲಿ ಹುಳು ಬಲಿತಿತ್ತು, ಪಕ್ಕದ ಸಾಲುಗಳಿಗೂ ಹರಡಿತ್ತು. ಬಲಿತ ಗೊಣ್ಣೆ ಹುಳುವಿನ ಮುಂದೆ ಔಷಧವೂ ಸೋಲುತ್ತದೆ. ಆ ಹೊಲದ ಒಂದು ಮಗ್ಗುಲಿನ ಕಬ್ಬು ಒಣಗಿಯೇ ಹೋಯಿತು. ಆ ರೈತರು ನನ್ನನ್ನು ಒಂದು ಕೆಟ್ಟ ಮಾತೂ ಆಡಲಿಲ್ಲ. ಅದು ನನಗೆ ಇನ್ನೂ ಭಾರವಾಗಿದೆ.

ಅವರು ಮಾಮೂಲಿನಂತೆ ದೂರದಿಂದ ಹೊಲದ ಚಿತ್ರ ತೆಗೆದು ಕಳಿಸಿದ್ದರೆ, ಅಲ್ಲಲ್ಲಿ ಗುಂಪು ಗುಂಪಾಗಿ ಕಬ್ಬು ಬಾಡಿದ್ದು ನನಗೆ ಕಾಣುತ್ತಿತ್ತು. ನಾನೂ ಕೇಳಲಿಲ್ಲ. ಎಲೆಯ ಚಿತ್ರ ಅಷ್ಟು ಚೆನ್ನಾಗಿತ್ತೆಂಬ ಕಾರಣಕ್ಕೇ ಇನ್ನೇನನ್ನೂ ಕೇಳಬೇಕೆಂದು ಅನಿಸಲಿಲ್ಲ. ಮಸೂರ ಒಂದನ್ನು ದೊಡ್ಡದು ಮಾಡಿ ತೋರಿಸುತ್ತದೆ, ಉಳಿದುದನ್ನೆಲ್ಲ ಮರೆಮಾಡುತ್ತದೆ. ಇದನ್ನು ಕಳಿಸುವವರೂ ನೋಡುವವರೂ ನೆನಪಿಡತಕ್ಕದ್ದು. ವಿಸ್ತರಣಾ ಕಾರ್ಯಕರ್ತ ಮಿತ್ರರಿಗೆ ವಿಶೇಷವಾಗಿ ಹೇಳುತ್ತೇನೆ: ಒಂದೇ ಚಿತ್ರ ನೋಡಿ ಔಷಧದ ಹೆಸರು ಬರೆಯಬೇಡಿರಿ.

ಚಿತ್ರಕ್ಕೆ ಸಿಗದ ಸಂಗತಿಗಳು

ಎಷ್ಟೇ ಒಳ್ಳೆಯ ಮಸೂರವಾದರೂ ಕೆಲವು ಸಂಗತಿಗಳು ಅದಕ್ಕೆ ಸಿಗುವುದಿಲ್ಲ. ಗೊಣ್ಣೆ ಹುಳುವಿಗೆ ಗುದ್ದಲಿ ಬೇಕು. ಕಬ್ಬಿನ ಕೆಂಪು ಕೊಳೆ ರೋಗಕ್ಕೆ ಕುಡುಗೋಲು ಬೇಕು: ಜಲ್ಲೆಯನ್ನು ಉದ್ದಕ್ಕೆ ಸೀಳಬೇಕು, ಕೆಂಪಾದ ತಿರುಳಿನ ನಡುವೆ ಅಡ್ಡ ಬಿಳಿ ಪಟ್ಟಿಗಳಿವೆಯೇ ನೋಡಬೇಕು, ಮೂಗಿನ ಹತ್ತಿರ ಹಿಡಿದು ಹುಳಿತ ವಾಸನೆ ಬರುತ್ತದೆಯೇ ತಿಳಿಯಬೇಕು. ಮೊಬೈಲಿಗೆ ಮೂಗಿಲ್ಲ. ಎಳೆ ಕಬ್ಬಿನ ಸುಳಿ ಒಣಗಿದ್ದರೆ ಅದನ್ನು ಕೈಯಿಂದ ಎಳೆದು ನೋಡಬೇಕು. ಸುಲಭವಾಗಿ ಕಿತ್ತು ಬಂದು ಕೆಟ್ಟ ವಾಸನೆ ಬಂದರೆ ಸುಳಿ ಕೊರಕ ಹುಳುವಿನ ಕೆಲಸ. ಅರಿಶಿಣದ ಗಡ್ಡೆ ಕೊಳೆಯನ್ನೂ ಗಡ್ಡೆ ಅಗೆದು, ಹಿಸುಕಿ, ಮೂಸಿ ನೋಡಬೇಕು.

ಈಗ ಚಿತ್ರ ನೋಡಿ ತಾನೇ ಕೀಟದ ಹೆಸರು ಹೇಳುವ ಆ್ಯಪ್‌ಗಳೂ ಬಂದಿವೆ. ಕೇಂದ್ರ ಸರ್ಕಾರವು 2024ರ ಆಗಸ್ಟ್ 15ರಂದು ರಾಷ್ಟ್ರೀಯ ಕೀಟ ನಿಗಾ ವ್ಯವಸ್ಥೆಯನ್ನು ಆರಂಭಿಸಿತು. ರೈತ ಕಳಿಸಿದ ಚಿತ್ರವನ್ನು ಯಂತ್ರಬುದ್ಧಿಯಿಂದ ಪರೀಕ್ಷಿಸಿ ಸಲಹೆ ಕೊಡುವ ಏರ್ಪಾಡು ಅದರಲ್ಲಿದೆ. ಇದು ಸ್ವಾಗತಾರ್ಹ. ಆದರೆ ಮೂವತ್ತು ನಲವತ್ತು ವರ್ಷದಿಂದ ಗಿಡವನ್ನೇ ನೋಡುತ್ತ ಬಂದ ಕಣ್ಣೂ ಒಂದು ಸೊಗಸಾದ ಚಿತ್ರಕ್ಕೆ ಮೋಸ ಹೋಗುತ್ತದೆ ಎಂದ ಮೇಲೆ, ಯಂತ್ರದ ಕಣ್ಣೂ ಹೋಗಬಹುದು. ಆ್ಯಪ್ ಹೇಳಿದ ಹೆಸರನ್ನು ಮೊದಲ ಸುಳಿವೆಂದು ತಿಳಿಯಿರಿ. ಬೇರು, ಕಾಂಡ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಔಷಧದ ಅಂಗಡಿಗೆ ಹೋಗಿರಿ.

ಕೊಳ್ಳುವುದಾದರೆ ಗಮನಿಸಬೇಕಾದ ಅಂಶಗಳು

1. ಮೊದಲು ನಿಮ್ಮ ಮೊಬೈಲನ್ನೇ ಪರೀಕ್ಷಿಸಿರಿ. ಒಂದು ಸಾಸಿವೆ ಕಾಳನ್ನು ಬಿಳಿ ಕಾಗದದ ಮೇಲಿಟ್ಟು, ಎಷ್ಟು ಹತ್ತಿರ ಹೋದರೂ ಸ್ಪಷ್ಟವಾಗಿರುತ್ತದೋ ಅಷ್ಟು ಹತ್ತಿರದಿಂದ ಫೋಟೋ ತೆಗೆದು ಹಿಗ್ಗಿಸಿ ನೋಡಿರಿ. ಕಾಳಿನ ಮೈ ಸ್ಪಷ್ಟವಾಗಿ ಕಂಡರೆ ನಿಮಗೆ ಮಸೂರದ ಅಗತ್ಯ ಕಡಿಮೆ. ಹೊಸ ಮೊಬೈಲುಗಳಲ್ಲಿ ಹತ್ತಿರದ ಚಿತ್ರಕ್ಕೆಂದೇ ಮ್ಯಾಕ್ರೋ ಎಂಬ ಕ್ಯಾಮರಾ ಇರುವುದುಂಟು. ಅದನ್ನೂ ಹೀಗೆಯೇ ಪರೀಕ್ಷಿಸಿರಿ; ಹೆಸರು ನೋಡಿ ನಂಬಬೇಡಿರಿ.

2. ಹತ್ತರಿಂದ ಹದಿನೈದು ಪಟ್ಟು ಹಿಗ್ಗಿಸುವ ಮಸೂರ ಹೊಲಕ್ಕೆ ಸಾಕು. ಅದಕ್ಕಿಂತ ಹೆಚ್ಚಿನದು ಕೈ ಸ್ವಲ್ಪ ಅಲುಗಿದರೂ, ಗಾಳಿಗೆ ಎಲೆ ಆಡಿದರೂ ಚಿತ್ರ ಕೆಡಿಸುತ್ತದೆ.

3. ಮೂರು ನಾಲ್ಕು ಮಸೂರಗಳ ಕಟ್ಟನ್ನು ಕೊಳ್ಳಬೇಡಿರಿ. ಅಗಲ ನೋಟದ್ದು, ಮೀನಿನ ಕಣ್ಣಿನದು ಎಂಬುವೆಲ್ಲ ಮದುವೆ, ಪ್ರವಾಸದ ಚಿತ್ರಕ್ಕೆ. ರೈತನಿಗೆ ಬೇಕಾದದ್ದು ಹತ್ತಿರದ ಮಸೂರ ಒಂದೇ.

4. ಮಸೂರ ಗಾಜಿನದಾಗಿರಲಿ. ಪ್ಲಾಸ್ಟಿಕ್ಕಿನದು ಧೂಳು ಒರೆಸಿದಂತೆಲ್ಲ ಗೀರು ಬಿದ್ದು ಮಬ್ಬಾಗುತ್ತದೆ. ಕ್ಲಿಪ್ಪಿನ ಬಾಯಿಗೆ ರಬ್ಬರು ಇರಲಿ.

5. ಮೊಬೈಲಿಗೆ ಎರಡು ಮೂರು ಕ್ಯಾಮರಾಗಳಿದ್ದರೆ ಕ್ಲಿಪ್ಪನ್ನು ಮುಖ್ಯ ಕ್ಯಾಮರಾದ ಮೇಲೆಯೇ ಸರಿಯಾಗಿ ಕೂಡಿಸಬೇಕು. ದಪ್ಪನೆಯ ಕವರು ಹಾಕಿದ್ದರೆ ತೆಗೆಯಬೇಕು. ಕೊಳ್ಳುವ ಮೊದಲು ನಿಮ್ಮದೇ ಮೊಬೈಲಿಗೆ ಸಿಕ್ಕಿಸಿ ನೋಡುವುದು ಒಳ್ಳೆಯದು.

6. ಬೆಲೆ ಕೆಲವು ನೂರು ರೂಪಾಯಿಯಿಂದ ಒಂದೆರಡು ಸಾವಿರದವರೆಗೂ ಇದೆ. ಹೊಲದ ಕೆಲಸಕ್ಕೆ ಸಾವಿರಗಟ್ಟಲೆ ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಯಾರಿಗೂ ಚಿತ್ರ ಕಳಿಸುವ ಇಚ್ಛೆಯಿಲ್ಲದೆ ತಾನೇ ನೋಡಬೇಕೆನ್ನುವವನಿಗೆ ಹತ್ತು ಪಟ್ಟಿನ ಸಾದಾ ಭೂತಗನ್ನಡಿಯೇ ಸಾಕು. ಅದಕ್ಕೆ ಚಾರ್ಜು ಮಾಡುವ ಗೋಜೂ ಇಲ್ಲ.

7. ಮನೆಗೊಂದು ಬೇಕಾಗಿಲ್ಲ. ಹತ್ತು ಹನ್ನೆರಡು ರೈತರ ಗುಂಪಿಗೆ, ಅಥವಾ ಒಂದು ಸ್ವಸಹಾಯ ಸಂಘಕ್ಕೆ ಒಂದು ಸಾಕು. ಹಣ ಕೂಡಿಸಿ ಕೆಲಸ ಮಾಡುವುದನ್ನು ಈ ನೆಲದವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ರೈತರೇ ಹಣವನ್ನೂ ಶ್ರಮವನ್ನೂ ಕೂಡಿಸಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಶ್ರಮಬಿಂದು ಸಾಗರ ಬ್ಯಾರೇಜು ನಿಮ್ಮ ಕಣ್ಣ ಮುಂದೆಯೇ ಇದೆ. ಬ್ಯಾರೇಜು ಕಟ್ಟಿದವರಿಗೆ ಒಂದು ಮಸೂರ ಯಾವ ಲೆಕ್ಕ?

ಚಿತ್ರ ತೆಗೆದು ಕಳಿಸುವ ಕ್ರಮ

ಮಸೂರ ಇರಲಿ, ಇಲ್ಲದಿರಲಿ, ಸಲಹೆ ಕೇಳುವಾಗ ಐದು ಚಿತ್ರಗಳನ್ನು ತಪ್ಪದೆ ಕಳಿಸಿರಿ. ಮೊದಲನೆಯದು, ಬದುವಿನ ಮೇಲೆ ನಿಂತು ತೆಗೆದ ಇಡೀ ಹೊಲದ ಚಿತ್ರ. ರೋಗ ಅಲ್ಲಲ್ಲಿ ಗುಂಪಾಗಿದೆಯೋ, ಸಾಲು ಹಿಡಿದಿದೆಯೋ, ಎಲ್ಲ ಕಡೆಯೂ ಇದೆಯೋ ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯದು, ಬೇರು ಸಮೇತ ಕಿತ್ತು, ಮಣ್ಣು ಕೊಡವಿ ಮಲಗಿಸಿದ ಇಡೀ ಗಿಡದ ಚಿತ್ರ. ಮೂರನೆಯದು, ರೋಗ ತಾಗಿದ ಭಾಗ. ಎಲೆಯಾದರೆ ಮೇಲು ಕೆಳಗು ಎರಡೂ ಬದಿ, ಜಲ್ಲೆಯಾದರೆ ಸೀಳಿದ್ದು. ನಾಲ್ಕನೆಯದು, ಅದೇ ಹೊಲದ ಒಂದು ಆರೋಗ್ಯವಂತ ಗಿಡ. ಮಸೂರದ ಚಿತ್ರ ಐದನೆಯದು, ಕೊನೆಯದು. ಅದರಲ್ಲಿ ಒಂದು ಕಡ್ಡಿಪೆಟ್ಟಿಗೆಯ ಕಡ್ಡಿಯನ್ನೋ, ಅಳತೆಪಟ್ಟಿಯನ್ನೋ ಪಕ್ಕಕ್ಕಿಟ್ಟರೆ ಗಾತ್ರ ಗೊತ್ತಾಗುತ್ತದೆ.

ಬೆಳಗಿನ ಏಳರಿಂದ ಒಂಬತ್ತು ಗಂಟೆಯ ಬೆಳಕು ಉತ್ತಮ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಹಸಿರು ಎಲೆಯೂ ಬಿಳಿಚಿದಂತೆ ಕಾಣುತ್ತದೆ. ಅನಿವಾರ್ಯವಾದರೆ ಕೊಡೆಯ ನೆರಳಿನಲ್ಲೋ, ಬಿಳಿಯ ಧೋತರವನ್ನು ಮರೆಯಾಗಿ ಹಿಡಿದೋ ತೆಗೆಯಿರಿ. ದಾಳಿಂಬೆಯ ದುಂಡಾಣು ಅಂಗಮಾರಿಯ ಸಂಶಯವಿದ್ದರೆ ಮಾತ್ರ ಎಲೆಯನ್ನು ಬೆಳಕಿಗೆ ಎದುರಾಗಿ ಹಿಡಿದು ಒಂದು ಚಿತ್ರ ಹೆಚ್ಚಿಗೆ ತೆಗೆಯಿರಿ. ಚುಕ್ಕೆಯ ಸುತ್ತ ನೀರಿನಲ್ಲಿ ನೆನೆದಂಥ ಅಂಚು ಅದರಲ್ಲಿ ಕಾಣುತ್ತದೆ. ಮಸೂರದ ಚಿತ್ರಕ್ಕೆ ಎಲೆಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಇರಿಸಿ, ಮೊಣಕೈಯನ್ನು ಊರಿ, ಮೊಬೈಲನ್ನು ಮೆಲ್ಲಗೆ ಮುಂದೆ ಹಿಂದೆ ಸರಿಸುತ್ತ ಸ್ಪಷ್ಟವಾದೊಡನೆ ಒತ್ತಿರಿ. ಎಂಟು ಹತ್ತು ತೆಗೆದರೆ ಒಂದೆರಡು ಚೆನ್ನಾಗಿ ಬರುತ್ತವೆ. ವಾಟ್ಸಪ್ಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರದ ವಿವರ ಕುಗ್ಗುತ್ತದೆ. ಡಾಕ್ಯುಮೆಂಟ್ ಎಂಬಲ್ಲಿ ಸೇರಿಸಿ ಕಳಿಸಿದರೆ ತೆಗೆದಂತೆಯೇ ತಲುಪುತ್ತದೆ.

ಚಿತ್ರದೊಂದಿಗೆ ನಾಲ್ಕು ಸಾಲು ಬರೆಯಿರಿ. ತಳಿ ಯಾವುದು, ಕೋ 86032ವೋ, ಕೋಎಂ 0265ವೋ, ಬೇರೆಯದೋ? ನಾಟಿಯೋ ಕುಳೆಯೋ, ಕುಳೆಯಾದರೆ ಎಷ್ಟನೆಯದು? ನೀರು ಬಿಟ್ಟು ಎಷ್ಟು ದಿನವಾಯಿತು? ಕೊನೆಗೆ ಹಾಕಿದ ಗೊಬ್ಬರ, ಹೊಡೆದ ಔಷಧ ಯಾವುವು? ಈ ನಾಲ್ಕು ಸಾಲು ಎಷ್ಟೋ ಸಲ ಮಸೂರದ ಚಿತ್ರಕ್ಕಿಂತ ಹೆಚ್ಚು ಹೇಳುತ್ತವೆ. ಬರೆಯಲು ಬೇಸರವಾದರೆ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬಿಟ್ಟಿ ಕರೆ ಮಾಡಿ ಕನ್ನಡದಲ್ಲಿಯೇ ಹೇಳಬಹುದು. ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಗಿಡವನ್ನೇ ಒಯ್ಯಬಹುದು. ಗಿಡವನ್ನೇ ತಂದವನಿಗೆ ಸರಿಯಾದ ಉತ್ತರ ಸಿಗುವ ಸಂಭವ ಹೆಚ್ಚು.

ಕೊನೆಯ ಮಾತು

ಹಾಗಾದರೆ ಕಾಕಾ ಅವರ ಪ್ರಶ್ನೆಗೆ ಉತ್ತರ ಹೀಗಿದೆ. ಬರೀ ಕಬ್ಬು ಬೆಳೆಯುವವರು ಇದನ್ನು ಒಬ್ಬೊಬ್ಬರೇ ಕೊಳ್ಳುವ ಅಗತ್ಯವಿಲ್ಲ. ಗುಂಪಿಗೊಂದು ಇದ್ದರೆ ಸಾಕು. ದಾಳಿಂಬೆ, ಮೆಣಸಿನಕಾಯಿ, ಉಳ್ಳಾಗಡ್ಡಿಯಂಥ ಬೆಳೆ ಇದ್ದು, ಮೇಲಿಂದ ಮೇಲೆ ಔಷಧ ಹೊಡೆಯುವವರು ಐದಾರು ನೂರು ರೂಪಾಯಿಯೊಳಗೆ ಒಂದನ್ನು ಕೊಳ್ಳಬಹುದು. ಹೊಡೆಯುವ ಮೊದಲು ನೋಡುವ ರೂಢಿ ಬಿದ್ದರೆ ಅದು ಒಂದೇ ಹಂಗಾಮಿನಲ್ಲಿ ತನ್ನ ಬೆಲೆಯನ್ನು ತೀರಿಸುತ್ತದೆ. ವಿಸ್ತರಣಾ ಕಾರ್ಯಕರ್ತರ ಚೀಲದಲ್ಲಿ ಒಂದು ಇರಲೇಬೇಕು, ಆದರೆ ಗುದ್ದಲಿ, ಕುಡುಗೋಲುಗಳ ಜೊತೆಗೆ. ಯಾರೇ ಕೊಂಡರೂ ಹೊಲದಲ್ಲಿ ಮೊದಲು ತಿರುಗಾಡಿರಿ, ಆಮೇಲೆ ಅಗೆಯಿರಿ, ಸೀಳಿರಿ, ಮೂಸಿರಿ. ಮಸೂರ ತೆಗೆಯುವುದು ಎಲ್ಲದರ ಕೊನೆಗೆ.

ಕಾಕಾ, ನಿಮ್ಮ ಮಗ ಆರನೂರು ಹಾಳು ಮಾಡಿಲ್ಲ. ಆದರೆ ಈ ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದ ಸಂಜೆ ಅವನನ್ನು ಹೊಲಕ್ಕೆ ಕಳಿಸಿರಿ. ಬೇವು, ಜಾಲಿ ಮರಗಳ ಮೇಲೆ ಗೊಣ್ಣೆ ಹುಳುವಿನ ಕಂದು ದುಂಬಿಗಳು ಕೂಡುತ್ತವೆ. ಟೊಂಗೆ ಅಲುಗಿಸಿ, ಕೆಳಗೆ ಬಿದ್ದ ದುಂಬಿಗಳನ್ನು ಆರಿಸಿ ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಲಿ. ಊರವರೆಲ್ಲ ಕೂಡಿ ಮಾಡಿದರೆ ಇನ್ನೂ ಒಳ್ಳೆಯದು. ಆ ದುಂಬಿಗಳು ಬರಿಗಣ್ಣಿಗೇ ಕಾಣುತ್ತವೆ. ಅಂದು ಆ ಕೆಲಸ ಮಾಡಿದ ಹೊಲದಿಂದ ಆಗಸ್ಟಿನಲ್ಲಿ ನನಗೆ ಹಳದಿ ಎಲೆಯ ಚಿತ್ರ ಬರುವ ಸಂಭವ ಕಡಿಮೆ. ಬಂದರೂ, ಈ ಸಲ ನಾನು ಮೊದಲು ಬೇರಿನ ಚಿತ್ರ ಕೇಳುತ್ತೇನೆ.